ಸ್ಟಿಯರಿಂಗ್ ಅದೇ, ಲೈಸೆನ್ಸ್ ಬೇರೆ

ಸ್ಟಿಯರಿಂಗ್ ಬಲಗಡೆಯಲ್ಲೇ ಇದೆ. ವಾಹನ ರಸ್ತೆಯ ಎಡಕ್ಕೇ ಸಾಗಬೇಕು. ಫಲಕಗಳ ಭಾಷೆ ಇಂಗ್ಲಿಷ್. ಕೆಂಪು, ಹಳದಿ, ಹಸಿರು ದೀಪಗಳಿಗೂ ನಮ್ಮಲ್ಲಿರುವ ಅರ್ಥವೇ. ಮೇಲುನೋಟಕ್ಕೆ ಬ್ರಿಟನ್ನಿನ ರಸ್ತೆಯಲ್ಲಿ ಕನ್ನಡಿಗ ಚಾಲಕನಿಗೆ ಅಪರಿಚಿತವಾದದ್ದು ಹೆಚ್ಚೇನೂ ಇಲ್ಲ. ಆದರೂ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇಪ್ಪತ್ತು ವರ್ಷ ಕಾರು ಓಡಿಸಿದವರು ಅಲ್ಲಿಗೆ ಹೋಗಿ ನೆಲೆಸಿದರೆ, ಹನ್ನೆರಡು ತಿಂಗಳು ತುಂಬಿದ ಮರುದಿನ ಕಾನೂನಿನ ದೃಷ್ಟಿಯಲ್ಲಿ ಅವರು ಬರಿಯ ಕಲಿಕೆಯ ಚಾಲಕರು. ಕಾರಿನ ಹಿಂದೆ ಮುಂದೆ ಕೆಂಪು ಬಣ್ಣದ ‘ಎಲ್’ ಅಕ್ಷರ ಅಂಟಿಸಬೇಕು. ಕನಿಷ್ಠ 21 ವರ್ಷ ವಯಸ್ಸಾದ, ಮೂರು ವರ್ಷದಿಂದ ಲೈಸೆನ್ಸ್ ಪಡೆದಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಮಗನ ವಯಸ್ಸಿನವನ ಮೇಲ್ವಿಚಾರಣೆಯಲ್ಲಿ ಅಪ್ಪ ಕಾರು ಓಡಿಸುವ ಪ್ರಸಂಗ ಅಲ್ಲಿ ಅಪರೂಪವೇನಲ್ಲ.

ಇದರಲ್ಲಿ ಇನ್ನೊಂದು ಸೋಜಿಗವಿದೆ. ಜಪಾನಿನಿಂದ ಬಂದು ನೆಲೆಸಿದವರು ಪರೀಕ್ಷೆ ಬರೆಯಬೇಕಿಲ್ಲ. ಅರ್ಜಿ ಹಾಕಿ ತಮ್ಮ ಲೈಸೆನ್ಸ್ ಕೊಟ್ಟು ಬ್ರಿಟಿಷ್ ಲೈಸೆನ್ಸ್ ಪಡೆಯಬಹುದು. ಜಪಾನಿನಲ್ಲೂ ವಾಹನಗಳು ಎಡಕ್ಕೇ ಚಲಿಸುತ್ತವೆ, ಅದಕ್ಕೇ ಈ ರಿಯಾಯಿತಿ ಇರಬಹುದು ಎಂದುಕೊಂಡರೆ ತಪ್ಪು. ದಕ್ಷಿಣ ಕೊರಿಯಾ, ಕೆನಡಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ವಾಹನಗಳು ಬಲಕ್ಕೆ ಚಲಿಸುತ್ತವೆ. ಅಲ್ಲಿಯವರಿಗೂ ಈ ವಿನಿಮಯ ಸೌಲಭ್ಯ ಇದೆ. ಎಡಕ್ಕೆ ಓಡಿಸುವುದನ್ನು ಬ್ರಿಟಿಷರಿಂದಲೇ ಕಲಿತ ಭಾರತದ ಚಾಲಕರಿಗೆ ಇಲ್ಲ.

ಹಾಗಾದರೆ ಒಂದು ದೇಶ ಇನ್ನೊಂದು ದೇಶದ ಲೈಸೆನ್ಸನ್ನು ಒಪ್ಪುವುದು ಯಾವ ಆಧಾರದ ಮೇಲೆ? ಉತ್ತರ ಹುಡುಕಲು ಸುಮಾರು ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಐದು ಶಿಲ್ಲಿಂಗಿಗೆ ಲೈಸೆನ್ಸ್

ಲೈಸೆನ್ಸ್ ಎಂಬುದು ಮೊದಲಿಗೆ ಚಾಲನೆಯ ಜಾಣ್ಮೆಗೆ ಕೊಟ್ಟ ಪ್ರಮಾಣಪತ್ರವಾಗಿರಲಿಲ್ಲ. ಬ್ರಿಟನ್ 1903ರ ಮೋಟಾರು ಕಾರು ಕಾಯ್ದೆಯ ಮೂಲಕ ಅದನ್ನು ಕಡ್ಡಾಯ ಮಾಡಿತು. 1904ರ ಜನವರಿ 1ರಿಂದ ಅದು ಜಾರಿಗೆ ಬಂತು. ಸ್ಥಳೀಯ ಆಡಳಿತದ ಕಚೇರಿಗೆ ಹೋಗಿ ಐದು ಶಿಲ್ಲಿಂಗ್ ಕಟ್ಟಿದರೆ ಲೈಸೆನ್ಸ್ ಸಿಗುತ್ತಿತ್ತು. ಪರೀಕ್ಷೆ ಇರಲಿಲ್ಲ. ತಪ್ಪು ಮಾಡಿದ ಚಾಲಕ ಯಾರೆಂದು ಪತ್ತೆ ಹಚ್ಚುವುದಕ್ಕೆ ಒಂದು ದಾಖಲೆ ಬೇಕಿತ್ತು, ಅಷ್ಟೇ.

ಕಾರುಗಳ ಸಂಖ್ಯೆ ಏರಿದಂತೆ ಸಾವುಗಳೂ ಏರಿದವು. 1930ರ ಕಾಯ್ದೆ ಕಾರುಗಳ ವೇಗದ ಮಿತಿಯನ್ನೇ ತೆಗೆದುಹಾಕಿತು. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಜನ ಸತ್ತರು. ಆಗ ಅಲ್ಲಿದ್ದ ಮೋಟಾರು ವಾಹನಗಳು ಸುಮಾರು 24 ಲಕ್ಷ ಮಾತ್ರ. ಈ ಸಾವುಗಳೇ ಸರ್ಕಾರದ ಕಣ್ಣು ತೆರೆಸಿದವು. ಜನವಸತಿ ಪ್ರದೇಶಗಳಲ್ಲಿ ಗಂಟೆಗೆ 30 ಮೈಲಿಯ ಮಿತಿ ಬಂತು. 1935ರ ಮಾರ್ಚ್‌ನಲ್ಲಿ ಇಚ್ಛೆಪಟ್ಟವರಿಗೆ ಚಾಲನಾ ಪರೀಕ್ಷೆ ಆರಂಭವಾಯಿತು. ಅದೇ ವರ್ಷ ಜೂನ್ 1ರಿಂದ, 1934ರ ಏಪ್ರಿಲ್ 1ರ ನಂತರ ಚಾಲನೆ ಆರಂಭಿಸಿದವರಿಗೆಲ್ಲ ಅದು ಕಡ್ಡಾಯವಾಯಿತು. ಶುಲ್ಕ ಏಳೂವರೆ ಶಿಲ್ಲಿಂಗ್. ಪರೀಕ್ಷಾ ಕೇಂದ್ರಗಳು ಇನ್ನೂ ಇರಲಿಲ್ಲ. ರೈಲು ನಿಲ್ದಾಣದ ಎದುರೋ ಟೌನ್ ಹಾಲ್ ಬಳಿಯೋ ಪರೀಕ್ಷಕರು ಅಭ್ಯರ್ಥಿಗಳನ್ನು ಭೇಟಿಯಾಗಿ ಪರೀಕ್ಷೆ ಮುಗಿಸುತ್ತಿದ್ದರು. ಮೊದಲ ವರ್ಷ ಉತ್ತೀರ್ಣರಾದವರು ನೂರಕ್ಕೆ 63 ಮಂದಿ.

ಅದಕ್ಕೂ ಮೊದಲೇ ಚಾಲನೆ ಆರಂಭಿಸಿದ್ದವರನ್ನು ಯಾರೂ ಪರೀಕ್ಷಿಸಲಿಲ್ಲ. ಹಾಗಾಗಿ ಒಮ್ಮೆಯೂ ಪರೀಕ್ಷೆಗೆ ಕೂರದ ಬ್ರಿಟಿಷ್ ಚಾಲಕರು ಮುಂದೆ ಹಲವು ದಶಕ ರಸ್ತೆಯಲ್ಲಿದ್ದರು. ಅನುಭವಸ್ಥರೆಂದು ಅವರನ್ನು ನಂಬಿದ ಸರ್ಕಾರ ಹೊರದೇಶದ ಅನುಭವಸ್ಥರನ್ನು ಮಾತ್ರ ಹಾಗೆ ನಂಬಲಿಲ್ಲ.

ಗಡಿ ದಾಟುವ ಪುಸ್ತಕ

ಕಾರುಗಳಲ್ಲಿ ಗಡಿ ದಾಟುವ ಹವ್ಯಾಸ ಯೂರೋಪಿನ ಶ್ರೀಮಂತರಲ್ಲಿ ಆರಂಭವಾದಾಗಲೇ ಪರದೇಶದ ಚಾಲಕನ ಪ್ರಶ್ನೆಯೂ ಹುಟ್ಟಿತು. 1909ರ ಅಕ್ಟೋಬರಿನಲ್ಲಿ ಪ್ಯಾರಿಸ್‌ನಲ್ಲಿ ಈ ಬಗ್ಗೆ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಒಂದು ದೇಶ ಕೊಟ್ಟ ಪ್ರಮಾಣಪತ್ರವನ್ನು ಇನ್ನೊಂದು ದೇಶ ಮಾನ್ಯ ಮಾಡಬೇಕೆಂಬುದು ಅದರ ತಿರುಳು. ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು ಎಂದು ಎಚ್ಚರಿಸುವ ನಾಲ್ಕು ಫಲಕಗಳನ್ನೂ ಆಗಲೇ ಒಪ್ಪಿಕೊಳ್ಳಲಾಯಿತು. ಆಮೇಲೆ 1926ರಲ್ಲಿ ಪ್ಯಾರಿಸ್, 1949ರಲ್ಲಿ ಜಿನೀವಾ, 1968ರಲ್ಲಿ ವಿಯೆನ್ನಾ ಒಪ್ಪಂದಗಳು ಬಂದವು. ಭಾರತ 1949ರ ಜಿನೀವಾ ಒಪ್ಪಂದಕ್ಕೆ ಸೇರಿದ ದೇಶ.

ನಮ್ಮ ಆರ್‌ಟಿಒ ಕಚೇರಿಗಳು ಕೊಡುವ ‘ಅಂತರರಾಷ್ಟ್ರೀಯ ಚಾಲನಾ ಪರವಾನಗಿ’ ಈ ಒಪ್ಪಂದದ ಕೂಸು. ಅವಧಿ ಒಂದು ವರ್ಷ. ಹೆಸರು ದೊಡ್ಡದಾದರೂ ಇದು ಸ್ವತಂತ್ರ ಲೈಸೆನ್ಸ್ ಅಲ್ಲ. ಊರಿನ ಲೈಸೆನ್ಸಿನಲ್ಲಿ ಇರುವುದನ್ನೇ ಹಲವು ಭಾಷೆಗಳಲ್ಲಿ ತಿಳಿಸುವ ಅನುವಾದ ಎನ್ನಬಹುದು. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಇದಕ್ಕೆ ಬೆಲೆಯಿಲ್ಲ. ಇದನ್ನು ಹಿಡಿದು ಹೋದವರು ಎಲ್ಲೆಡೆ ಎಷ್ಟು ಕಾಲ ಬೇಕಾದರೂ ಓಡಿಸಬಹುದು ಎಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ.

ಈ ಒಪ್ಪಂದಗಳೆಲ್ಲ ಮುಖ್ಯವಾಗಿ ಪ್ರವಾಸಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಬಂದು ಹೋಗುವವನಿಗೆ ಒಂದು ಕಾನೂನು, ಬಂದು ಉಳಿಯುವವನಿಗೆ ಇನ್ನೊಂದು ಕಾನೂನು. ನೌಕರಿಗಾಗಿ ಹೋದ ವೈದ್ಯರು, ದಾದಿಯರು, ಸಾಫ್ಟ್‌ವೇರ್ ಎಂಜಿನಿಯರುಗಳು ಎಡವುವುದು ಇಲ್ಲೇ. ಬ್ರಿಟನ್ನಿನಲ್ಲಿ ಮೊದಲ ಹನ್ನೆರಡು ತಿಂಗಳು ಭಾರತದ ಊರ್ಜಿತ ಲೈಸೆನ್ಸಿನಲ್ಲೇ ಕಾರು ಓಡಿಸಬಹುದು. ಆ ಗಡುವು ಲೆಕ್ಕಕ್ಕೆ ಬರುವುದು ಅಲ್ಲಿನ ನಿವಾಸಿಯಾದ ದಿನದಿಂದ. ನಡುವೆ ಊರಿಗೆ ಬಂದು ಹೋದರೆ ಹೊಸದಾಗಿ ಹನ್ನೆರಡು ತಿಂಗಳು ಸಿಗುತ್ತದೆಂದು ನಂಬಿದವರು ತೊಂದರೆಗೆ ಸಿಲುಕುತ್ತಾರೆ. ಲೈಸೆನ್ಸಿನ ಗಡುವು ಮೀರಿದರೆ ವಿಮೆಯೂ ಕೈಕೊಡಬಹುದು. ವಿಮೆಯಿಲ್ಲದೆ ಓಡಿಸಿದರೆ 300 ಪೌಂಡ್ ದಂಡ ಮತ್ತು ಲೈಸೆನ್ಸಿಗೆ 6 ದಂಡಾಂಕ. ಹೊಸದಾಗಿ ಪರೀಕ್ಷೆ ಪಾಸಾದವರು ಎರಡು ವರ್ಷದೊಳಗೆ 6 ದಂಡಾಂಕ ಗಳಿಸಿದರೆ ಲೈಸೆನ್ಸ್ ರದ್ದಾಗಿ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು.

ನಂಬಿಕೆ ಯಾರ ಮೇಲೆ?

ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯ್ದೆಯಲ್ಲಿ ನಮ್ಮ ಪ್ರಶ್ನೆಗೆ ಉತ್ತರವಿದೆ. ಯಾವ ದೇಶದ ಲೈಸೆನ್ಸ್ ನೀಡುವ ವ್ಯವಸ್ಥೆ ತೃಪ್ತಿಕರವೆಂದು ಬ್ರಿಟಿಷ್ ಸಚಿವರಿಗೆ ಮನವರಿಕೆಯಾಗುತ್ತದೋ ಆ ದೇಶದ ಹೆಸರು ಪಟ್ಟಿಗೆ ಸೇರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರ, ಹಾಂಕಾಂಗ್, ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಪಟ್ಟಿಯಲ್ಲಿವೆ. 2021ರಲ್ಲಿ ಯುನೈಟೆಡ್ ಅರಬ್ ಎಮಿರೇಟ್ಸ್, ಉಕ್ರೇನ್, ತೈವಾನ್ ಸೇರಿದವು. ಭಾರತ ಇಲ್ಲ.

ಎಂದರೆ ಅಲ್ಲಿ ಒರೆಗೆ ಹಚ್ಚುವುದು ಚಾಲಕನನ್ನಲ್ಲ, ಅವನನ್ನು ಪರೀಕ್ಷಿಸಿದವರನ್ನು. ಎಷ್ಟು ಲಕ್ಷ ಕಿಲೋಮೀಟರ್ ಓಡಿಸಿದ್ದೀರಿ, ಎಷ್ಟು ವರ್ಷ ಅಪಘಾತವಿಲ್ಲದೆ ಓಡಿಸಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ನಿಮಗೆ ಲೈಸೆನ್ಸ್ ಕೊಟ್ಟ ಕಚೇರಿ ಅದನ್ನು ಹೇಗೆ ಕೊಟ್ಟಿತು ಎಂಬುದು ಅವರ ಪ್ರಶ್ನೆ.

ಈ ನಿಯಮ ಎಷ್ಟು ಬಿಗಿಯೆಂದರೆ, ಪಟ್ಟಿಯಲ್ಲಿರುವ ದೇಶದ ಲೈಸೆನ್ಸ್ ಇದ್ದರಷ್ಟೇ ಸಾಲದು. ಅದನ್ನು ಪರೀಕ್ಷೆ ಬರೆದು ಪಡೆದಿರಬೇಕು. ಭಾರತದ ಲೈಸೆನ್ಸ್ ತೋರಿಸಿ ಮೂರನೆಯ ದೇಶವೊಂದರಲ್ಲಿ ಬದಲಾಯಿಸಿಕೊಂಡು, ಅದನ್ನು ಬ್ರಿಟನ್ನಿಗೆ ಒಯ್ದು ಮತ್ತೆ ಬದಲಾಯಿಸಿಕೊಳ್ಳಲು ದಾರಿಯಿಲ್ಲ. ಸರಪಳಿಯ ಮೊದಲ ಕೊಂಡಿ ಯಾವುದೆಂದು ಅವರು ನೋಡುತ್ತಾರೆ.

ಪರೀಕ್ಷೆ ಹೇಗಿರುತ್ತದೆ?

ಮೊದಲು ತಾತ್ಕಾಲಿಕ ಲೈಸೆನ್ಸ್ ಪಡೆಯಬೇಕು. ನಂತರ ತಿಳಿವಳಿಕೆ ಪರೀಕ್ಷೆ. 1996ರವರೆಗೆ ಪರೀಕ್ಷಕರು ಕಾರಿನಲ್ಲೇ ಕುಳಿತು ನಾಲ್ಕಾರು ಪ್ರಶ್ನೆ ಕೇಳುತ್ತಿದ್ದರು. ಆ ವರ್ಷದ ಜುಲೈನಿಂದ ಪ್ರತ್ಯೇಕ ಪರೀಕ್ಷೆ ಬಂತು. ಈಗ ಕಂಪ್ಯೂಟರಿನ ಮುಂದೆ 57 ನಿಮಿಷದಲ್ಲಿ 50 ಪ್ರಶ್ನೆಗಳಿಗೆ ಉತ್ತರಿಸಬೇಕು. ಪಾಸಾಗಲು 43 ಸರಿಯಿರಬೇಕು. ಒಂದು ಕಾಲದಲ್ಲಿ ಪ್ರಶ್ನೆಗಳನ್ನು ಹಿಂದಿ, ಗುಜರಾತಿ, ಪಂಜಾಬಿ, ಬಂಗಾಳಿ, ತಮಿಳು ಸೇರಿದಂತೆ 19 ವಿದೇಶಿ ಭಾಷೆಗಳಲ್ಲಿ ಕೇಳಿಸಿಕೊಳ್ಳುವ ಅವಕಾಶವಿತ್ತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. 2014ರ ಏಪ್ರಿಲ್‌ನಲ್ಲಿ ಆ ಸೌಲಭ್ಯವನ್ನೇ ನಿಲ್ಲಿಸಲಾಯಿತು. ಫಲಕಗಳನ್ನು ಓದಲಾರದವರು ರಸ್ತೆಗೆ ಇಳಿಯಬಾರದು ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು.

ಅದೇ ದಿನ ‘ಅಪಾಯ ಗ್ರಹಿಕೆ’ ಎಂಬ ಇನ್ನೊಂದು ಭಾಗವಿರುತ್ತದೆ. 2002ರಲ್ಲಿ ಸೇರಿಸಿದ್ದು. ಚಾಲಕನ ಸೀಟಿನಿಂದ ಕಾಣುವ ರಸ್ತೆಯ 14 ಚಲನಚಿತ್ರ ತುಣುಕುಗಳನ್ನು ತೋರಿಸುತ್ತಾರೆ. ನಿಲ್ಲಿಸಿದ ಕಾರಿನ ಹಿಂದಿನಿಂದ ಮಗುವೊಂದು ಹೊರಬರುವ ಸೂಚನೆ ಕಂಡೊಡನೆ ಗುಂಡಿ ಒತ್ತಬೇಕು. ಬೇಗ ಗುರುತಿಸಿದಷ್ಟೂ ಹೆಚ್ಚು ಅಂಕ. 75ಕ್ಕೆ 44 ಬರಬೇಕು. ಸುಮ್ಮನೆ ಗುಂಡಿ ಒತ್ತುತ್ತಾ ಹೋದರೆ ಆ ತುಣುಕಿಗೆ ಸೊನ್ನೆ. ಕೈಕಾಲಿನ ಚಳಕಕ್ಕೆ ಇಲ್ಲಿ ಕೆಲಸವಿಲ್ಲ. ಕಣ್ಣು ಎಲ್ಲಿದೆ, ಮನಸ್ಸು ಎಷ್ಟು ಮುಂದೆ ಓಡುತ್ತಿದೆ ಎಂಬುದರ ಪರೀಕ್ಷೆ ಇದು.

ಕೊನೆಯದು ರಸ್ತೆಯ ಪರೀಕ್ಷೆ. ಆರಂಭದಲ್ಲಿ 20 ಮೀಟರ್ ದೂರದಲ್ಲಿ ನಿಂತ ಕಾರಿನ ನಂಬರ್ ಪ್ಲೇಟ್ ಓದಬೇಕು. ಓದಲಾಗದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ನಂತರ ನಲವತ್ತು ನಿಮಿಷದಷ್ಟು ನಿಜವಾದ ರಸ್ತೆಗಳಲ್ಲಿ, ನಿಜವಾದ ವಾಹನಗಳ ನಡುವೆ ಓಡಿಸಬೇಕು. ಅದರಲ್ಲಿ ಸುಮಾರು ಇಪ್ಪತ್ತು ನಿಮಿಷ ಪರೀಕ್ಷಕರು ದಾರಿ ಹೇಳುವುದಿಲ್ಲ. ಫಲಕ ನೋಡಿಯೋ ದಾರಿ ತೋರಿಸುವ ಯಂತ್ರವನ್ನು ಅನುಸರಿಸಿಯೋ ಹೋಗಬೇಕು. ಸಣ್ಣ ತಪ್ಪುಗಳು 15ರವರೆಗೆ ಕ್ಷಮ್ಯ. ಗಂಭೀರ ತಪ್ಪು ಒಂದಾದರೂ ನಪಾಸು. ಒಟ್ಟು ಅಭ್ಯರ್ಥಿಗಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ನಪಾಸಾಗುತ್ತಾರೆ.

ಮರೆಯಬೇಕಾದ ಪಾಠಗಳು

ಕ್ಲಚ್, ಗೇರು, ಬ್ರೇಕುಗಳನ್ನು ನಿದ್ದೆಗಣ್ಣಿನಲ್ಲೂ ಬಳಸಬಲ್ಲ ಅನುಭವಿಗಳು ಈ ಪರೀಕ್ಷೆಯಲ್ಲಿ ಸೋಲುವುದು ಏಕೆ? ಅಲ್ಲಿ ನಪಾಸಾಗಲು ಮುಖ್ಯ ಕಾರಣಗಳೆಂದು ವರ್ಷವರ್ಷವೂ ಕಾಣಿಸಿಕೊಳ್ಳುವುದು ಕೂಡುರಸ್ತೆಯಲ್ಲಿ ಸರಿಯಾಗಿ ನೋಡದಿರುವುದು ಮತ್ತು ದಿಕ್ಕು ಬದಲಿಸುವಾಗ ಕನ್ನಡಿ ಗಮನಿಸದಿರುವುದು. ಎರಡೂ ನೋಟಕ್ಕೆ ಸಂಬಂಧಪಟ್ಟವು. ನಮ್ಮ ರಸ್ತೆಗಳಲ್ಲಿ ಹಿಂದಿನಿಂದ ಬರುವವನು ಹಾರ್ನ್ ಮಾಡಿ ತನ್ನ ಇರವನ್ನು ತಿಳಿಸುತ್ತಾನೆ. ಮುಂದಿನವನು ಕಿವಿಯಿಂದ ಓಡಿಸುತ್ತಾನೆ. ನಮ್ಮ ಲಾರಿಗಳ ಹಿಂಭಾಗದಲ್ಲಿ ಹಾರ್ನ್ ಮಾಡಿ ಎಂದು ಬರೆದಿರುವುದನ್ನು ನೆನೆಯಬಹುದು. ಬ್ರಿಟನ್ನಿನಲ್ಲಿ ಜನವಸತಿ ಪ್ರದೇಶದಲ್ಲಿ ರಾತ್ರಿ 11.30ರಿಂದ ಬೆಳಿಗ್ಗೆ 7ರವರೆಗೆ ಹಾರ್ನ್ ನಿಷಿದ್ಧ. ಹಗಲಿನಲ್ಲೂ ಅದನ್ನು ಕೇಳುವುದು ಕಡಿಮೆ. ಹಾರ್ನ್ ಇಲ್ಲದ ಊರಿನಲ್ಲಿ ಕನ್ನಡಿ ನೋಡದವನು ಕುರುಡನಿದ್ದಂತೆ.

ಹೆಡ್‌ಲೈಟಿನ ವಿಷಯ ಇನ್ನೂ ಅಪಾಯಕಾರಿ. ಎದುರಿನ ವಾಹನ ದೀಪ ಮಿನುಗಿಸಿದರೆ ನಮ್ಮಲ್ಲಿ ‘ನಾನು ಬರುತ್ತಿದ್ದೇನೆ, ನಿಲ್ಲು’ ಎಂದು ಅರ್ಥ. ಬ್ರಿಟನ್ನಿನಲ್ಲಿ ಅದೇ ಮಿನುಗನ್ನು ಬಹಳ ಮಂದಿ ‘ನಾನು ನಿಂತಿದ್ದೇನೆ, ನೀನು ಹೋಗು’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಅಲ್ಲಿನ ಅಧಿಕೃತ ಕೈಪಿಡಿ ಎರಡನ್ನೂ ಒಪ್ಪದು. ಮಿನುಗು ನಮ್ಮ ಇರವನ್ನು ತಿಳಿಸುವುದಕ್ಕೆ ಮಾತ್ರ ಎನ್ನುತ್ತದೆ. ಆದರೂ ರೂಢಿ ರೂಢಿಯೇ. ಒಂದೇ ಸನ್ನೆಗೆ ಎರಡು ದೇಶಗಳಲ್ಲಿ ತದ್ವಿರುದ್ಧ ಅರ್ಥವಿದ್ದರೆ ಪರಿಣಾಮವನ್ನು ಊಹಿಸಿಕೊಳ್ಳಬಹುದು.

ಪಾದಚಾರಿಯ ವಿಷಯದಲ್ಲೂ ಹೀಗೆಯೇ. ಜೀಬ್ರಾ ಪಟ್ಟೆಯ ಮೇಲೆ ಕಾಲಿಟ್ಟವರಿಗೆ ಬ್ರಿಟನ್ನಿನಲ್ಲಿ 1951ರಿಂದಲೂ ದಾರಿ ಬಿಡಲೇಬೇಕು. 2022ರ ಜನವರಿಯಿಂದ, ದಾಟಲು ಕಾದು ನಿಂತವರಿಗೂ ದಾರಿ ಬಿಡಬೇಕೆಂದು ಕೈಪಿಡಿ ಹೇಳುತ್ತದೆ. ಕಾರು ಪಕ್ಕದ ರಸ್ತೆಗೆ ತಿರುಗುವಾಗಲೂ ಇದೇ ಮಾತು. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು.

ಗಮನಿಸಬೇಕಾದ ಸಂಗತಿ ಎಂದರೆ ಇವುಗಳಲ್ಲಿ ಬಹುಪಾಲು ನಮ್ಮ ಪುಸ್ತಕದಲ್ಲೂ ಇವೆ. ಬಲಗಡೆಯವರಿಗೆ, ಪಾದಚಾರಿಗೆ ದಾರಿ ಬಿಡಬೇಕೆಂದು ನಮ್ಮ ನಿಯಮಗಳೂ ಹೇಳುತ್ತವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕನ್ನಡಿ ಹೊಂದಿಸಿಕೊಳ್ಳುವುದು, ಸನ್ನೆ ತೋರಿಸುವುದು, ಹಿಂದಕ್ಕೆ ಓಡಿಸುವುದು ನಮ್ಮ ಪರೀಕ್ಷೆಯ ಭಾಗವೇ. ಹಾಗಾಗಿ ವಲಸೆ ಹೋದ ಚಾಲಕ ಅಲ್ಲಿ ಕಲಿಯುವುದು ಹೊಸ ಕಾನೂನನ್ನಲ್ಲ. ತನ್ನೂರಿನಲ್ಲಿ ಇದ್ದೂ ಇಲ್ಲದಂತಿದ್ದ ಕಾನೂನನ್ನು.

ಬೇರೆ ದೇಶಗಳಲ್ಲಿ

ಇದು ಬ್ರಿಟನ್ನಿನ ಕಥೆ ಮಾತ್ರವಲ್ಲ. ಜರ್ಮನಿಯಲ್ಲಿ ನೆಲೆಸಿದ ಭಾರತೀಯರಿಗೆ ಸಿಗುವ ಗಡುವು ಆರು ತಿಂಗಳು. ನಂತರ ಎರಡೂ ಪರೀಕ್ಷೆ ಬರೆಯಬೇಕು. ಹೊಸಬರಿಗೆ ಕಡ್ಡಾಯವಾದ ತರಗತಿಗಳಿಂದ ಮಾತ್ರ ವಿನಾಯಿತಿ. ಅಮೆರಿಕದಲ್ಲಿ ಲೈಸೆನ್ಸ್ ಆಯಾ ರಾಜ್ಯಗಳ ಅಧಿಕಾರ. ಕನ್ನಡಿಗರು ಬಹಳವಾಗಿರುವ ಕ್ಯಾಲಿಫೋರ್ನಿಯಾದಲ್ಲಿ ನಿವಾಸಿಯಾದ ಹತ್ತು ದಿನದೊಳಗೆ ಅಲ್ಲಿನ ಲೈಸೆನ್ಸ್ ಪಡೆಯಬೇಕೆಂಬುದು ನಿಯಮ.

ಜಪಾನಿನಲ್ಲಿ ವಿದೇಶಿ ಲೈಸೆನ್ಸನ್ನು ಬದಲಾಯಿಸಿಕೊಳ್ಳಲು ಬಹುಕಾಲ ಹತ್ತು ಪ್ರಶ್ನೆಗಳಲ್ಲಿ ಏಳಕ್ಕೆ ಸರಿಯುತ್ತರ ಕೊಟ್ಟು ಚಾಲನೆ ತೋರಿಸಿದರೆ ಸಾಕಿತ್ತು. ವಿದೇಶಿ ಚಾಲಕರ ಅಪಘಾತಗಳು ಸುದ್ದಿಯಾದ ಮೇಲೆ 2025ರ ಅಕ್ಟೋಬರ್ 1ರಿಂದ ಪ್ರಶ್ನೆಗಳನ್ನು 50ಕ್ಕೆ ಏರಿಸಿ, ಶೇಕಡಾ 90 ಅಂಕ ಬೇಕೆಂದು ಬಿಗಿ ಮಾಡಲಾಯಿತು. ಪ್ರವಾಸಿಗಳಾಗಿ ಬಂದವರಿಗೆ ಆ ಬಾಗಿಲನ್ನೇ ಮುಚ್ಚಲಾಯಿತು.

ಪರದೇಶದ ಲೈಸೆನ್ಸಿಗೆ ದೊಡ್ಡ ಗೌರವ ಸಿಕ್ಕ ಪ್ರಸಂಗವೂ ಒಂದಿದೆ. ಸೌದಿ ಅರೇಬಿಯಾ 2018ರ ಜೂನ್ 24ರಿಂದ ಮಹಿಳೆಯರಿಗೆ ಚಾಲನೆಯ ಹಕ್ಕು ಕೊಟ್ಟಿತು. ಆ ತಿಂಗಳ ಆರಂಭದಲ್ಲಿ ಮೊದಲ ಲೈಸೆನ್ಸ್ ಪಡೆದ ಹತ್ತು ಮಹಿಳೆಯರೂ ಹೊರದೇಶಗಳಲ್ಲಿ ಕಲಿತು ಲೈಸೆನ್ಸ್ ಗಳಿಸಿದ್ದವರೇ. ಸ್ವಂತ ದೇಶ ಕೊಡದಿದ್ದ ಕಾಗದವನ್ನು ಪರದೇಶ ಕೊಟ್ಟಿತ್ತು.

ಕಾಗದದ ಬೆಲೆ

ವಲಸೆ ಹೋದವರ ಪಾಲಿಗೆ ಈ ಎರಡನೆಯ ಪರೀಕ್ಷೆ ಸಣ್ಣ ವಿಷಯವಲ್ಲ. ಬಸ್ಸು ವಿರಳವಾದ ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರಿಗೆ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ದಾದಿಯರಿಗೆ ಲೈಸೆನ್ಸ್ ಎಂದರೆ ನೌಕರಿಯೇ. ಕೊರೊನಾ ಕಾಲದಲ್ಲಿ ನಿಂತುಹೋದ ಪರೀಕ್ಷೆಗಳಿಂದ ಬೆಳೆದ ಸರದಿ ಆಮೇಲಿನ ವರ್ಷಗಳಲ್ಲೂ ಕರಗಲಿಲ್ಲ. ದಿನಾಂಕಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕು. ಹೀಗಾಗಿ ಹೋದ ಕೆಲವೇ ವಾರಗಳಲ್ಲಿ ತಾತ್ಕಾಲಿಕ ಲೈಸೆನ್ಸಿಗೆ ಅರ್ಜಿ ಹಾಕಿ, ಹನ್ನೆರಡು ತಿಂಗಳ ಗಡುವು ಇರುವಾಗಲೇ ಪರೀಕ್ಷೆ ಮುಗಿಸುವುದು ಜಾಣತನ. ಆ ಅವಧಿಯಲ್ಲಿ ‘ಎಲ್’ ಫಲಕವಾಗಲೀ ಪಕ್ಕದಲ್ಲಿ ಮೇಲ್ವಿಚಾರಕರಾಗಲೀ ಬೇಕಿಲ್ಲ.

ಇಪ್ಪತ್ತು ವರ್ಷದ ಅನುಭವವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ವ್ಯವಸ್ಥೆಯ ಬಗ್ಗೆ ಸಿಟ್ಟು ಬರುವುದು ಸಹಜ. ಆದರೆ ಎರಡು ಅಂಕಿಗಳನ್ನೂ ನೋಡಬೇಕು. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅದೇ ವರ್ಷ ಬ್ರಿಟನ್ನಿನಲ್ಲಿ ಸತ್ತವರು 1,711. ಜನಸಂಖ್ಯೆಯ ಲೆಕ್ಕ ಹಾಕಿದರೆ ನಮ್ಮಲ್ಲಿ ಲಕ್ಷಕ್ಕೆ ಹೆಚ್ಚುಕಡಿಮೆ ಹನ್ನೆರಡು, ಅಲ್ಲಿ ಮೂರಕ್ಕಿಂತ ಕಡಿಮೆ. ಬ್ರಿಟನ್ನಿನ ರಸ್ತೆಗಳಲ್ಲಿ 1934ಕ್ಕಿಂತ ಈಗ ಹದಿನಾರು ಪಟ್ಟಿಗೂ ಹೆಚ್ಚು ವಾಹನಗಳಿವೆ. ಸಾವು ಕಾಲು ಭಾಗಕ್ಕಿಂತ ಕೆಳಗಿಳಿದಿದೆ. ಇದೆಲ್ಲ ಚಾಲನಾ ಪರೀಕ್ಷೆಯಿಂದಲೇ ಆದದ್ದಲ್ಲ. ಉತ್ತಮ ರಸ್ತೆ, ಸುರಕ್ಷಿತ ಕಾರು, ಸೀಟ್ ಬೆಲ್ಟ್, ಕುಡಿದು ಓಡಿಸುವವರ ಮೇಲಿನ ಕ್ರಮ, ಬೇಗ ಸಿಗುವ ಚಿಕಿತ್ಸೆ ಎಲ್ಲವೂ ಸೇರಿವೆ. ಪರೀಕ್ಷೆಯೂ ಅವುಗಳಲ್ಲಿ ಒಂದು.

ಭಾರತದ ಲೈಸೆನ್ಸ್ ಹಿಡಿದು ಹೋದವರಲ್ಲಿ ಒಳ್ಳೆಯ ಚಾಲಕರು ಬೇಕಾದಷ್ಟಿದ್ದಾರೆ. ಆದರೆ ಮೈದಾನದಲ್ಲಿ ಕೆಲವೇ ನಿಮಿಷ ಓಡಿಸಿ ಪಡೆದವರ ಬಳಿಯೂ, ಶ್ರದ್ಧೆಯಿಂದ ಕಲಿತು ಪಡೆದವರ ಬಳಿಯೂ ಇರುವುದು ಒಂದೇ ಬಗೆಯ ಕಾರ್ಡು. ನೋಡಿದವರಿಗೆ ವ್ಯತ್ಯಾಸ ತಿಳಿಯದು. ಕಂಪ್ಯೂಟರ್ ನಿಗಾ ಇರುವ ಪರೀಕ್ಷಾ ಪಥಗಳು ನಮ್ಮ ರಾಜ್ಯದಲ್ಲೂ ಕೆಲವೆಡೆ ಬಂದಿವೆ. ಅಂಥ ಕಡೆ ನಪಾಸಾದವರು ಗೊಣಗುವುದುಂಟು. ಪರೀಕ್ಷೆ ಕಷ್ಟವಾದಷ್ಟೂ ಅದರಿಂದ ಸಿಗುವ ಕಾರ್ಡಿನ ಬೆಲೆ ಏರುತ್ತದೆ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು. ಬ್ರಿಟನ್ನಿನ ಪಟ್ಟಿಯಲ್ಲಿ ಭಾರತದ ಹೆಸರು ಸೇರುವುದು ಲಂಡನ್ನಿನಲ್ಲಿ ನಡೆಯುವ ಮಾತುಕತೆಯಿಂದ ಮಾತ್ರ ಆಗುವ ಕೆಲಸವಲ್ಲ. ಅದಕ್ಕೆ ಬೇಕಾದ ಸಿದ್ಧತೆ ನಮ್ಮ ಆರ್‌ಟಿಒ ಮೈದಾನಗಳಲ್ಲೇ ಆಗಬೇಕು.